ಕರುಳಿನ ಯೀಸ್ಟ್, ಎಂಜಲಿನ ಲೋಟ ಮತ್ತು ಆರು ವಾರದ ಪಥ್ಯ

ಪ್ರಶ್ನೆ: ನನಗೆ 41 ವರ್ಷ. ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿ. ಎರಡು ವರ್ಷದಿಂದ ಹೊಟ್ಟೆ ಉಬ್ಬರ, ಗ್ಯಾಸ್, ವಿಪರೀತ ಸುಸ್ತು. ಮಧ್ಯಾಹ್ನದ ಹೊತ್ತಿಗೆ ತಲೆ ಮಂಕಾಗಿ ಮಕ್ಕಳ ಹೆಸರೂ ನೆನಪಾಗುವುದಿಲ್ಲ. ಸಿಹಿ ಕಂಡರೆ ಕೈ ತಡೆಯುವುದಿಲ್ಲ. ಮುಟ್ಟಿನಲ್ಲಿ ಸ್ರಾವ ಜಾಸ್ತಿ. ಕಳೆದ ವರ್ಷ ಹಲ್ಲಿನ ಸೋಂಕಿಗೆ ಆಂಟಿಬಯಾಟಿಕ್ ತಗೊಂಡ ಮೇಲೆ ಕೆಳಗೆ ತುರಿಕೆ, ಮೊಸರಿನಂಥ ಬಿಳಿ ಸ್ರಾವ ಆಗಿತ್ತು. ಒಂದು ಮಾತ್ರೆಗೆ ಹೋಯಿತು. ಟೆಕ್ಸಾಸ್‌ನಲ್ಲಿರುವ ಅಕ್ಕ ಇದೆಲ್ಲ ಕರುಳಿನಲ್ಲಿ ಕ್ಯಾಂಡಿಡಾ ಅನ್ನುವ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಬೆಳೆದದ್ದರಿಂದ ಅಂದಳು. ಯೀಸ್ಟ್ ಇದ್ದರೆ ಉಗುಳು ನೀರಿನಲ್ಲಿ ಎಳೆಯಾಗಿ ಇಳಿಯುತ್ತದಂತೆ. ಬೆಳಗ್ಗೆ ಎದ್ದು ಲೋಟದ ನೀರಿಗೆ ಉಗುಳಿ ನೋಡಿದೆ, ಎಳೆ ಎಳೆಯಾಗಿ ಕೆಳಗಿಳಿಯಿತು. ಅವಳು ಕಳಿಸಿದ ಕ್ಲೆನ್ಸ್ ಕಿಟ್ (ಕರುಳು ತೊಳೆಯುವ ಪುಡಿ, ಕ್ಯಾಪ್ಸೂಲ್, ಜೊತೆಗೆ ಸಿಹಿ, ಅನ್ನ, ಗೋಧಿ, ಹುದುಗಿಸಿದ್ದು ಬಿಡುವ ಪಥ್ಯ) ಆರು ವಾರ ಮಾಡಿದೆ. ಮೊದಲ ವಾರ ತಲೆ ಸಿಡಿಯುವಷ್ಟು ನೋವು. ಯೀಸ್ಟ್ ಸಾಯುವಾಗ ವಿಷ ಬಿಡುತ್ತದೆ, ಒಳ್ಳೆಯ ಲಕ್ಷಣ ಅಂದರು. ಮಲದಲ್ಲಿ ಹಗ್ಗದಂಥ ಬಿಳಿ ಎಳೆಗಳೂ ಬಂದವು. ಆಮೇಲೆ ಹೊಟ್ಟೆ ನಿಜವಾಗಿಯೂ ಹಗುರಾಯಿತು. ಯುಗಾದಿಗೆ ಹೋಳಿಗೆ ತಿಂದೆ, ಎಲ್ಲ ವಾಪಸ್ಸು. ಮತ್ತೆ ಶುರು ಮಾಡಲೇ? ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ, ಡಾಪಾಗ್ಲಿಫ್ಲೋಜಿನ್ ಮಾತ್ರೆ ನುಂಗುತ್ತಾರೆ. ಈಚೆಗೆ ಅವರಿಗೂ ಮುಂದೊಗಲಿನ ಹತ್ತಿರ ತುರಿಕೆ. ಅವರಿಂದಲೂ ಈ ಪಥ್ಯ ಮಾಡಿಸಲೇ?

ಉತ್ತರ: ನಿಮ್ಮ ಯಜಮಾನರಿಂದ ಸದ್ಯಕ್ಕೆ ಏನೂ ಮಾಡಿಸಬೇಡಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ, ಅಲ್ಲಿಯವರೆಗೂ ಓದಿ.

ಮೊದಲು ಲೋಟದ ವಿಷಯ ಮುಗಿಸಿಬಿಡೋಣ. ಎಂಜಲಿನಲ್ಲಿ ಮ್ಯೂಸಿನ್ ಅನ್ನುವ ಅಂಟು ಇರುತ್ತದೆ. ತುತ್ತು ಗಂಟಲಲ್ಲಿ ಜಾರುವುದು ಅದರಿಂದಲೇ. ರಾತ್ರಿ ಎಂಜಲು ಕಡಿಮೆ ಊರುತ್ತದೆ, ಬಾಯಿ ಒಣಗುತ್ತದೆ, ಬೆಳಗಿನ ಉಗುಳು ಗಟ್ಟಿಯಾಗಿರುತ್ತದೆ. ನೀರಿಗೆ ಬಿಟ್ಟರೆ ನೊರೆ ತೇಲುತ್ತದೆ, ಅಂಟು ದಾರದ ಹಾಗೆ ಇಳಿಯುತ್ತದೆ. ನಾನು ಉಗುಳಿದರೂ ಇಳಿಯುತ್ತದೆ. ಇದಕ್ಕೂ ಯೀಸ್ಟಿಗೂ ಸಂಬಂಧ ಇಲ್ಲ.

ಹಾಗಂತ ಕ್ಯಾಂಡಿಡಾ ಅನ್ನುವುದು ಕಟ್ಟುಕತೆ ಅಲ್ಲ. ಅದು ನಮ್ಮ ಮನೆಯೊಳಗೇ ಇರುವ ಬಾಡಿಗೆದಾರ. ಆರೋಗ್ಯವಾಗಿರುವ ಎಷ್ಟೋ ಜನರ ಬಾಯಿ, ಕರುಳು, ಯೋನಿಯಲ್ಲಿ ಸದ್ದಿಲ್ಲದೆ ಇರುತ್ತದೆ. ಅದಕ್ಕೇ ಮಲ ಪರೀಕ್ಷೆಯಲ್ಲಿ ‘ಕ್ಯಾಂಡಿಡಾ ಇದೆ’ ಅಂತ ಬಂದರೆ ಕಾಯಿಲೆ ಇದೆ ಅಂತ ಅರ್ಥ ಅಲ್ಲ. ರಕ್ತದಲ್ಲಿ ಅದರ ವಿರುದ್ಧ ಐಜಿಜಿ ಪ್ರತಿಕಾಯ ಸಿಕ್ಕಿದರೂ ಅಷ್ಟೆ. ಬಾಡಿಗೆದಾರನ ಪರಿಚಯ ಮನೆಗೆ ಇದೆ ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು.

ಈ ಬಾಡಿಗೆದಾರ ಗಲಾಟೆ ಮಾಡುವುದೂ ಉಂಟು. ಎಳೆಗೂಸಿನ ನಾಲಿಗೆಯ ಮೇಲಿನ ಬಿಳಿ ಪದರ, ಆಸ್ತಮಾಕ್ಕೆ ಸ್ಟೀರಾಯ್ಡ್ ಇನ್ಹೇಲರ್ ಎಳೆದು ಬಾಯಿ ಮುಕ್ಕಳಿಸದವರ ಬಾಯಿಹುಣ್ಣು, ಎಚ್‌ಐವಿ ಇದ್ದವರ ಅನ್ನನಾಳದ ಸೋಂಕು, ಐಸಿಯುನಲ್ಲಿ ವಾರಗಟ್ಟಲೆ ಮಲಗಿದವರ ರಕ್ತಕ್ಕೆ ಇಳಿದು ಜೀವಕ್ಕೇ ಎರವಾಗುವ ಸೋಂಕು. ನಿಮಗೆ ಕಳೆದ ವರ್ಷ ಆದದ್ದೂ ಹೆಚ್ಚುಕಡಿಮೆ ಖಂಡಿತ ಇದೇ ಯೀಸ್ಟ್. ಆಂಟಿಬಯಾಟಿಕ್ ಯೋನಿಯ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದಿತು, ಜಾಗ ಖಾಲಿಯಾಯಿತು, ಯೀಸ್ಟ್ ಹಬ್ಬಿತು. ನಾಲ್ಕು ಹೆಂಗಸರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಆಗುತ್ತದೆ. ಒಂದು ಮಾತ್ರೆಗೆ ಹೋಯಿತು ಅಂದಿರಲ್ಲ, ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಆ ತುರಿಕೆಯಿಂದ ನಿಮ್ಮ ಸುಸ್ತಿಗೆ, ಮಂಕಿಗೆ, ಹೋಳಿಗೆಗೆ ಗೆರೆ ಎಳೆದದ್ದು ಯಾರು? ಅದಕ್ಕೊಂದು ಇತಿಹಾಸ ಇದೆ, ಸ್ವಲ್ಪ ಕೇಳಿ.

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರಿನ ವೈದ್ಯ ಓರಿಯನ್ ಟ್ರಸ್, 1970ರ ದಶಕದ ಕೊನೆಯಲ್ಲಿ ಒಂದು ವಾದ ಮುಂದಿಟ್ಟರು. ಆಂಟಿಬಯಾಟಿಕ್, ಗರ್ಭನಿರೋಧಕ ಮಾತ್ರೆ, ಸಕ್ಕರೆ, ಇವುಗಳಿಂದ ಕರುಳಿನ ಯೀಸ್ಟ್ ಹೆಚ್ಚಿ, ಅದರ ವಿಷದಿಂದ ಸುಸ್ತು, ಖಿನ್ನತೆ, ತಲೆನೋವು ಎಲ್ಲ ಬರುತ್ತದೆ ಅಂತ. 1983ರಲ್ಲಿ ಟೆನೆಸಿಯ ಮಕ್ಕಳ ವೈದ್ಯ ವಿಲಿಯಂ ಕ್ರೂಕ್ ಇದನ್ನೇ ಜನಸಾಮಾನ್ಯರಿಗೆ ಪುಸ್ತಕವಾಗಿ ಬರೆದರು. ಅದು ಭರ್ಜರಿಯಾಗಿ ಮಾರಾಟವಾಯಿತು. ಅದರಲ್ಲಿ ಉದ್ದದ ಪ್ರಶ್ನಾವಳಿ ಇತ್ತು, ಅಂಕ ಕೂಡಿಸಿ ನಿಮಗೆ ಯೀಸ್ಟ್ ಇದೆಯೋ ಇಲ್ಲವೋ ನೋಡಿಕೊಳ್ಳಿ ಅಂತ. ಸುಸ್ತಾಗುತ್ತದಾ? ಸಿಹಿ ಬೇಕೆನಿಸುತ್ತದಾ? ತೇವದ ದಿನಗಳಲ್ಲಿ, ಬೂಷ್ಟು ಹಿಡಿದ ಜಾಗದಲ್ಲಿ ತೊಂದರೆ ಜಾಸ್ತಿಯಾ? ಈ ಕೊನೆಯದನ್ನು ಆಷಾಢದಲ್ಲಿ ಆಗುಂಬೆಯಲ್ಲಿ ಕೇಳಿ ನೋಡಿ, ಇಡೀ ಊರಿಗೆ ಊರೇ ‘ಹೌದು’ ಅನ್ನುತ್ತದೆ. ಹೀಗೆ ಕೇಳಿದರೆ ಯಾರು ತಾನೇ ಪಾಸಾಗುವುದಿಲ್ಲ, ಅಲ್ವಾ? 1986ರಲ್ಲಿ ಅಮೆರಿಕದ ಅಲರ್ಜಿ ತಜ್ಞರ ಅಕಾಡೆಮಿ ಇದು ಊಹೆ, ಪುರಾವೆ ಇಲ್ಲ ಅಂತ ಹೇಳಿಕೆ ಕೊಟ್ಟಿತು.

ಹೇಳಿಕೆ ಬಿಡಿ, ಪರೀಕ್ಷೆ ಮಾಡಿದರಾ? ಮಾಡಿದರು, ಅದೂ ಅದೇ ಬರ್ಮಿಂಗ್‌ಹ್ಯಾಮ್‌ನಲ್ಲಿ. ವಿಲಿಯಂ ಡಿಸ್ಮ್ಯೂಕ್ಸ್ ಅನ್ನುವ ಸೋಂಕು ತಜ್ಞರು ಮತ್ತು ಅವರ ತಂಡ ಯೀಸ್ಟ್ ಕಾಯಿಲೆ ಇದೆ ಅಂದುಕೊಂಡಿದ್ದ 42 ಹೆಂಗಸರನ್ನು ಆರಿಸಿಕೊಂಡರು. ನಿಸ್ಟಾಟಿನ್ ಅನ್ನುವ ಯೀಸ್ಟ್ ನಾಶಕವನ್ನೂ ಬರಿಯ ಡಮ್ಮಿ ಔಷಧವನ್ನೂ ಬದಲಿಸಿ ಬದಲಿಸಿ ಕೊಟ್ಟರು. ಯಾವುದು ಯಾವಾಗ ಅಂತ ಕೊಡುವವರಿಗೂ ಗೊತ್ತಿಲ್ಲ, ತಗೊಳ್ಳುವವರಿಗೂ ಗೊತ್ತಿಲ್ಲ. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಯೋನಿಯ ತುರಿಕೆಗೆ ನಿಸ್ಟಾಟಿನ್ ಕೆಲಸ ಮಾಡಿತು, ಮಾಡಲೇಬೇಕು. ಸುಸ್ತು, ಮಂಕು, ಬೇಸರಗಳ ವಿಷಯದಲ್ಲಿ ಡಮ್ಮಿಗಿಂತ ಮೇಲೇನೂ ಇರಲಿಲ್ಲ. ಇನ್ನೊಂದು ಸಂಗತಿ ನೋಡಿ: ಡಮ್ಮಿ ತಗೊಂಡಾಗಲೂ ಅವರಿಗೆ ಹಾಯೆನಿಸಿತ್ತು! ಅವರು ಸುಳ್ಳು ಹೇಳುತ್ತಿರಲಿಲ್ಲ. ಈ ಥರದ ತೊಂದರೆಗಳು ಏರುತ್ತವೆ, ಇಳಿಯುತ್ತವೆ. ಯಾರೋ ಕೂರಿಸಿಕೊಂಡು ವಿಚಾರಿಸಿದರೂ ಸ್ವಲ್ಪ ಇಳಿಯುತ್ತವೆ.

ಎದುರು ಮಾತೂ ಇದೆ, ಮುಚ್ಚಿಡುವುದಿಲ್ಲ. 2001ರಲ್ಲಿ ನಾರ್ವೆಯಲ್ಲಿ ಪ್ರಶ್ನಾವಳಿಯಿಂದ ಆರಿಸಿದ 116 ಜನರಿಗೆ ನಾಲ್ಕು ವಾರ ನಿಸ್ಟಾಟಿನ್ ಅಥವಾ ಡಮ್ಮಿ ಕೊಟ್ಟು ನೋಡಿದಾಗ ನಿಸ್ಟಾಟಿನ್‌ನವರಿಗೆ ಸ್ವಲ್ಪ ಹೆಚ್ಚು ಗುಣ ಕಂಡಿತ್ತು. ಅಲ್ಲದೆ ಸಣ್ಣ ಕರುಳಿನಲ್ಲಿ ಶಿಲೀಂಧ್ರ ಹೆಚ್ಚಾಗುವ ಸ್ಥಿತಿಯೊಂದರ ಬಗ್ಗೆ ಈಗ ಸಂಶೋಧನೆ ನಡೆಯುತ್ತಿದೆ. ಆದರೆ ಅದನ್ನು ಪತ್ತೆ ಮಾಡಲು ಎಂಡೋಸ್ಕೋಪ್ ಇಳಿಸಿ, ಸಣ್ಣ ಕರುಳಿನ ದ್ರವ ಹೀರಿ, ಲ್ಯಾಬಿನಲ್ಲಿ ಬೆಳೆಸಿ ನೋಡಬೇಕು. ಲೋಟದಲ್ಲಿ ಉಗುಳಿದರೆ ಆಗುವ ಕೆಲಸ ಅಲ್ಲ.

(ನಿಸ್ಟಾಟಿನ್ ಅಂದಾಗ ನೆನಪಾಯಿತು. ಅದನ್ನು 1950ರ ಸುಮಾರಿಗೆ ಕಂಡುಹಿಡಿದವರು ಎಲಿಜಬೆತ್ ಹೇಜನ್ ಮತ್ತು ರೇಚೆಲ್ ಬ್ರೌನ್ ಎಂಬ ಇಬ್ಬರು ಹೆಂಗಸರು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಣ್ಣಿನಿಂದ ಬೆಳೆಸಿದ ಮಾದರಿಗಳನ್ನು ಅಂಚೆಯಲ್ಲೇ ಅತ್ತಿಂದಿತ್ತ ಕಳಿಸಿಕೊಂಡು ಕೆಲಸ ಮಾಡಿದರು. ಔಷಧದ ಹೆಸರು ನ್ಯೂಯಾರ್ಕ್ ಸ್ಟೇಟ್ ಅನ್ನುವುದರಿಂದಲೇ ಬಂದದ್ದು.)

ಈಗ ನಿಮ್ಮ ಆರು ವಾರಕ್ಕೆ ಬರೋಣ. ಮೊದಲ ವಾರದ ತಲೆನೋವು. ನಿಮ್ಮ ಕಿಟ್ಟಿನ ಜೊತೆ ಬಂದ ಪಟ್ಟಿಯಲ್ಲಿ ಕಾಫಿ, ಟೀ ಬಂದ್ ಅಂತ ಇದ್ದೇ ಇರುತ್ತದೆ. ಸ್ಟಾಫ್ ರೂಮಿನಲ್ಲಿ ದಿನಕ್ಕೆ ನಾಲ್ಕೈದು ಲೋಟ ಕುಡಿಯುವ ಅಭ್ಯಾಸ ಇದ್ದವರು ಒಂದೇ ದಿನದಲ್ಲಿ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರು. ಎರಡು ದಿನದಿಂದ ಒಂಬತ್ತು ದಿನದವರೆಗೆ ಇರಬಹುದು. ಏಕಾದಶಿ ಉಪವಾಸದ ದಿನ ಕಾಫಿ ಬಿಟ್ಟು ಸಂಜೆ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗುವ ಅಜ್ಜಿಯರನ್ನು ನೋಡಿಲ್ಲವೇ? ಅದರ ಜೊತೆಗೆ ಅನ್ನ, ಚಪಾತಿ, ಸಿಹಿ ಒಮ್ಮೆಲೇ ಇಳಿಸಿದರೆ ಮೈಯಿಂದ ನೀರು, ಉಪ್ಪು ಜಾಸ್ತಿ ಹೋಗುತ್ತದೆ. ಅದಕ್ಕೂ ತಲೆ ಸುತ್ತುತ್ತದೆ, ಕೈಕಾಲು ಸೋಲುತ್ತವೆ.

‘ಸಾಯುವಾಗ ವಿಷ ಬಿಡುತ್ತದೆ’ ಅನ್ನುವ ಮಾತು ಬೇರೆ ಕಾಯಿಲೆಯಿಂದ ಕದ್ದದ್ದು. ಸಿಫಿಲಿಸ್‌ಗೆ ಔಷಧ ಕೊಟ್ಟ ಕೆಲವೇ ಗಂಟೆಗಳಲ್ಲಿ ಕೆಲವರಿಗೆ ಚಳಿ ಜ್ವರ ಬರುವುದುಂಟು. ನಮ್ಮ ಕರಾವಳಿ, ಮಲೆನಾಡಿನ ಇಲಿಜ್ವರದಲ್ಲೂ ಹೀಗಾಗಬಹುದು. ಯಾರಿಶ್ ಮತ್ತು ಹರ್ಕ್ಸ್‌ಹೈಮರ್ ಎಂಬ ವೈದ್ಯರ ಹೆಸರಿನಲ್ಲಿ ಅದನ್ನು ಗುರುತಿಸುತ್ತೇವೆ. ಅದು ಗಂಟೆಗಳ ಲೆಕ್ಕದ್ದು. ವಾರಗಟ್ಟಲೆ ನಡೆಯುವುದಿಲ್ಲ, ಒರೆಗಾನೊ ಎಣ್ಣೆಯ ಕ್ಯಾಪ್ಸೂಲ್ ನುಂಗಿದ್ದಕ್ಕೂ ಬರುವುದಿಲ್ಲ. ಈ ಮಾತಿನಲ್ಲಿ ನನಗೆ ಸಿಟ್ಟು ಬರುವುದು ಯಾಕೆಂದರೆ, ಮಾರುವವರು ಇದರಿಂದ ಎರಡೂ ಕಡೆ ಗೆಲ್ಲುತ್ತಾರೆ. ಹಗುರಾದರೆ ಕಿಟ್ ಕೆಲಸ ಮಾಡಿತು. ಕೆಟ್ಟರೆ ಇನ್ನೂ ಚೆನ್ನಾಗಿ ಕೆಲಸ ಮಾಡಿತು. ಒಂದು ಔಷಧ ಸೋಲುವುದಕ್ಕೆ ದಾರಿಯೇ ಇಲ್ಲದಿದ್ದರೆ ಅದರ ಮೇಲೆ ನನಗಂತೂ ನಂಬಿಕೆ ಬರುವುದಿಲ್ಲ.

ಇನ್ನು ಆ ಬಿಳಿ ಹಗ್ಗ. ಕಿಟ್ಟಿನ ಡಬ್ಬಿ ತಿರುಗಿಸಿ ಓದಿ. ‘ಸಿಲಿಯಂ’ ಅಂತ ಇರುತ್ತದೆ. ಅದು ಬೇರೇನೂ ಅಲ್ಲ, ನಮ್ಮ ಇಸಬ್ಗೋಲ್. ಎಷ್ಟೋ ಕಿಟ್‌ಗಳಲ್ಲಿ ಅದರ ಜೊತೆ ಬೆಂಟೊನೈಟ್ ಎಂಬ ಜೇಡಿಮಣ್ಣೂ ಇರುತ್ತದೆ. ಇವತ್ತು ರಾತ್ರಿ ಅಡುಗೆಮನೆಯಲ್ಲಿ ಒಂದು ಲೋಟ ನೀರಿಗೆ ಒಂದು ಚಮಚ ಇಸಬ್ಗೋಲ್ ಹಾಕಿಡಿ. ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಎತ್ತಿ. ಲೋಳೆಯಾಗಿ, ಜೋತಾಡಿಕೊಂಡು, ಅರ್ಧ ಪಾರದರ್ಶಕವಾಗಿ ಬರುತ್ತದಲ್ಲ? ಅದೇ ಕರುಳಿನೊಳಗೆ ಮಣ್ಣಿನ ಜೊತೆ ಸೇರಿ ಅಚ್ಚಾಗಿ ಹೊರಗೆ ಬಂದದ್ದು. ಬೆಳಗ್ಗೆ ನುಂಗಿದ್ದನ್ನೇ ಮರುದಿನ ಬೆಳಗ್ಗೆ ನೋಡಿ ಹೆದರಿದ್ದೀರಿ.

ಆದರೆ ಹೊಟ್ಟೆ ಹಗುರಾದದ್ದು? ಅದು ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬದಲಿಗೆ ಅದೇ ನನಗೆ ನಿಮ್ಮ ಪತ್ರದಲ್ಲಿ ಸಿಕ್ಕ ಒಳ್ಳೆಯ ಸುಳಿವು. ಆ ಆರು ವಾರ ನೀವು ಏನೇನು ತಿನ್ನಲಿಲ್ಲ ಅಂತ ಲೆಕ್ಕ ಹಾಕಿ. ನಾಲ್ಕು ಲೋಟ ಹಾಲು ಹಾಕಿದ ಟೀ ಇಲ್ಲ. ಸಂಜೆಯ ಮಂಡಕ್ಕಿ ಮಿರ್ಚಿ ಇಲ್ಲ, ಅಂದರೆ ಕಡಲೆಹಿಟ್ಟು, ಎಣ್ಣೆ, ಹಸಿ ಈರುಳ್ಳಿ ಮೂರೂ ಇಲ್ಲ. ಮೈದಾ ಬಿಸ್ಕತ್ತಿಲ್ಲ, ಗೋಧಿ ಇಲ್ಲ, ಬೇಳೆಕಾಳು ಕಡಿಮೆ. ಇವುಗಳಲ್ಲಿ ಹೆಚ್ಚಿನವು ಸಣ್ಣ ಕರುಳಿನಲ್ಲಿ ಪೂರ್ತಿ ಅರಗದೆ ದೊಡ್ಡ ಕರುಳಿಗೆ ಇಳಿಯುವ ಪದಾರ್ಥಗಳು. ಅಲ್ಲಿ ಬ್ಯಾಕ್ಟೀರಿಯಾ ಅವನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಕರುಳು ಸ್ವಲ್ಪ ನಾಜೂಕಾಗಿದ್ದವರಿಗೆ ಅಷ್ಟು ಗ್ಯಾಸೇ ಸಾಕು, ಸೀರೆ ಬಿಗಿಯಾಗುತ್ತದೆ. ಇದನ್ನು ಐಬಿಎಸ್, ಅಂದರೆ ಕೆರಳುವ ಕರುಳು, ಅನ್ನುತ್ತೇವೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಇಂಥ ಆಹಾರಗಳಿಗೆ ಫಾಡ್‌ಮ್ಯಾಪ್ ಅಂತ ಹೆಸರಿಟ್ಟು ಪಟ್ಟಿಯನ್ನೇ ಮಾಡಿದ್ದಾರೆ. ಜೊತೆಗೆ ದೊಡ್ಡವರಾದ ಮೇಲೆ ಹಾಲಿನ ಲ್ಯಾಕ್ಟೋಸ್ ಸರಿಯಾಗಿ ಅರಗದಿರುವುದು ನಮ್ಮ ದಕ್ಷಿಣದ ಕಡೆ ತುಂಬಾ ಸಾಮಾನ್ಯ.

ಈಗ ಹೋಳಿಗೆಯನ್ನು ನೋಡಿ. ಕಡಲೆಬೇಳೆ ಹೂರಣ, ಮೈದಾ ಕಣಕ, ಮೇಲೆ ಹಾಲು, ತುಪ್ಪ. ಪಕ್ಕದಲ್ಲಿ ಅದೇ ಬೇಳೆಯ ಕಟ್ಟಿನ ಸಾರು, ಒಗ್ಗರಣೆಗೆ ಬೆಳ್ಳುಳ್ಳಿ. ಹೊಟ್ಟೆ ಉಬ್ಬರಿಸಲು ಇದಕ್ಕಿಂತ ಒಳ್ಳೆಯ ಊಟ ನನಗೆ ತೋಚುವುದಿಲ್ಲ. ಇದಕ್ಕೆ ಯೀಸ್ಟನ್ನು ಯಾಕೆ ಬೈಯಬೇಕು?

‘ಸಕ್ಕರೆ ತಿಂದರೆ ಯೀಸ್ಟಿಗೆ ಊಟ ಹಾಕಿದ ಹಾಗೆ’ ಅಂತಾರೆ. ಕೇಳಲು ಸರಿ ಅನಿಸುತ್ತದೆ. ಆದರೆ ನಾವು ತಿಂದ ಸಕ್ಕರೆ ಬಹುಪಾಲು ಸಣ್ಣ ಕರುಳಿನ ಮೊದಲ ಭಾಗದಲ್ಲೇ ರಕ್ತಕ್ಕೆ ಸೇರಿಬಿಡುತ್ತದೆ. ಆರೋಗ್ಯವಂತರಿಗೆ ಬೇಕೆಂದೇ ಹೆಚ್ಚು ಸಕ್ಕರೆ ತಿನ್ನಿಸಿ ಕರುಳಿನ ಕ್ಯಾಂಡಿಡಾ ಎಣಿಸಿದ ಜರ್ಮನಿಯ ಅಧ್ಯಯನ 1999ರಲ್ಲಿ ಬಂತು. ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಸಕ್ಕರೆ ಕಡಿಮೆ ಮಾಡಿ, ಬೇಡ ಅನ್ನುವುದಿಲ್ಲ, ಹಲ್ಲಿಗೂ ಸೊಂಟಕ್ಕೂ ಒಳ್ಳೆಯದು. ಆದರೆ ಯೀಸ್ಟನ್ನು ಉಪವಾಸ ಕೆಡವುತ್ತೇನೆ ಅಂತ ಅಲ್ಲ.

ಹುದುಗಿಸಿದ್ದು ತಿನ್ನಬಾರದು ಅನ್ನುವ ನಿಯಮ ಇನ್ನೂ ತಮಾಷೆ. ದಾವಣಗೆರೆಯಲ್ಲಿದ್ದುಕೊಂಡು ಆರು ವಾರ ಬೆಣ್ಣೆದೋಸೆ ಮುಟ್ಟಲಿಲ್ಲವೇ ನೀವು? ದೋಸೆ ಹಿಟ್ಟನ್ನು ಹುಳಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯಾ. ಬ್ರೆಡ್ಡಿನ ಯೀಸ್ಟ್ ಬೇರೆ ಜಾತಿಯದು, ಕ್ಯಾಂಡಿಡಾ ಅಲ್ಲ. ಕಾದ ಕಾವಲಿಯ ಮೇಲೆ ಯಾವುದೂ ಉಳಿಯುವುದಿಲ್ಲ. ಅಷ್ಟಕ್ಕೂ ಭೇದಿಯಾದಾಗ ಮಕ್ಕಳಿಗೆ ನೀರಿನಲ್ಲಿ ಕದಡಿ ಕೊಡುವ ಪುಡಿ ಪೊಟ್ಟಣಗಳಲ್ಲಿ ಕೆಲವು ಸ್ಯಾಕರೊಮೈಸಿಸ್ ಬೌಲಾರ್ಡಿ ಅನ್ನುವ ಜೀವಂತ ಯೀಸ್ಟೇ!

ಚರ್ಮದ ವಿಷಯವೂ ಒಂದು ಮಾತು, ಯಾಕೆಂದರೆ ಇದನ್ನೂ ಕರುಳಿಗೆ ಗಂಟು ಹಾಕುತ್ತಾರೆ. ಬೆನ್ನಿನ ಮೇಲಿನ ಸಿಬ್ಬು ಚರ್ಮದ ಮೇಲೇ ಇರುವ ಬೇರೊಂದು ಯೀಸ್ಟಿನ ಕೆಲಸ. ಗಜಕರ್ಣ ಯೀಸ್ಟೇ ಅಲ್ಲ, ಬೇರೆ ಫಂಗಸ್. ಎರಡಕ್ಕೂ ಕರುಳು ತೊಳೆಯಬೇಕಾಗಿಲ್ಲ.

ಹಾಗಾದರೆ ನಿಮ್ಮ ಸುಸ್ತು ಯಾವುದು? ನಿಮ್ಮ ಪತ್ರದಲ್ಲಿ ಒಂದು ಸಾಲು ನೀವು ಹೋಗುತ್ತಾ ಬರೆದಿದ್ದೀರಿ, ನಾನು ಅಲ್ಲೇ ನಿಂತೆ. ‘ಮುಟ್ಟಿನಲ್ಲಿ ಸ್ರಾವ ಜಾಸ್ತಿ.’ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಜನರಿಗೆ ರಕ್ತಹೀನತೆ. ಹತ್ತಿರ ಹತ್ತಿರ ಅರ್ಧ. ನಿಮ್ಮ ಸ್ಟಾಫ್ ರೂಮಿನಲ್ಲಿ ಎಣಿಸಿಕೊಳ್ಳಿ. ಕಬ್ಬಿಣದ ಅಂಶ ಇಳಿದರೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ತಲೆ ಮಂಕು, ಕೂದಲು ಉದುರುವುದು ಎಲ್ಲ ಬರುತ್ತದೆ. ಕೆಲವರಿಗೆ ಅಕ್ಕಿ, ಮಣ್ಣು, ಐಸ್ ತಿನ್ನುವ ಚಪಲವೂ ಬರುತ್ತದೆ. ಎರಡು ವರ್ಷ ನೀವು ಯೀಸ್ಟನ್ನು ಹುಡುಕುತ್ತಾ ಇದ್ದಿರಿ. ಆ ಎರಡು ವರ್ಷದಲ್ಲಿ ಒಮ್ಮೆ ಹಿಮೋಗ್ಲೋಬಿನ್ ನೋಡಿಸಿದ್ದರೆ?

ಆದ್ದರಿಂದ ಈ ವಾರ ನಿಮ್ಮ ಡಾಕ್ಟರ ಹತ್ತಿರ ಹೋಗಿ ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್), ವಿಟಮಿನ್ ಬಿ12, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಮಾಡಿಸಿ. ಸಸ್ಯಾಹಾರಿಗಳಾದರೆ ಬಿ12 ಬಿಡಲೇಬೇಡಿ. ಗ್ಯಾಸಿಗೆ ಅಂತ ದಿನಾ ಬೆಳಗ್ಗೆ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ನುಂಗುತ್ತಿದ್ದರೂ ಬಿ12 ಇಳಿಯಬಹುದು, ಅದನ್ನೂ ಹೇಳಿ. ಗೋಧಿಯಿಂದ ತೊಂದರೆ ಅನ್ನುವ ಅನುಮಾನ ಇದ್ದರೆ ಸೀಲಿಯಾಕ್ ಅನ್ನುವ, ಗೋಧಿಯ ಗ್ಲುಟೆನ್ ಒಗ್ಗದ ಕಾಯಿಲೆಯ ರಕ್ತ ಪರೀಕ್ಷೆ ಉಂಟು. ಆದರೆ ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಟ್ಟು ವಾರಗಳಾದ ಮೇಲೆ ಮಾಡಿಸಿದರೆ ಇದ್ದರೂ ಇಲ್ಲ ಅಂತ ಬರಬಹುದು. ಫೆರಿಟಿನ್ ಇಳಿದಿದ್ದರೆ ಮಾತ್ರೆ ಜೊತೆಗೆ ಸ್ರಾವ ಯಾಕೆ ಜಾಸ್ತಿ ಅಂತ ಸ್ತ್ರೀರೋಗ ತಜ್ಞರು ನೋಡಬೇಕು. ಊಟದ ಬೆನ್ನಿಗೇ ಟೀ ಕುಡಿಯುವುದನ್ನು ಒಂದು ಗಂಟೆ ಮುಂದೂಡಿ, ಟೀ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ.

ಉಬ್ಬರದ ವಿಷಯದಲ್ಲಿ ಒಂದು ಎಚ್ಚರಿಕೆ. ತಿಂಗಳಲ್ಲಿ ಹೆಚ್ಚಿನ ದಿನ ಹೊಟ್ಟೆ ಉಬ್ಬಿಯೇ ಇದ್ದು, ನಾಲ್ಕು ತುತ್ತಿಗೇ ತುಂಬಿದ ಹಾಗಾದರೆ ಒಂದು ಸ್ಕ್ಯಾನ್ ಮಾಡಿಸಿ. ಅಂಡಾಶಯದ ಗಡ್ಡೆಗಳು ಹೀಗೇ ಗ್ಯಾಸಿನ ವೇಷ ಹಾಕಿಕೊಂಡು ಬರುತ್ತವೆ. ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರಂತೂ ತಡ ಮಾಡಬೇಡಿ. ಇದೊಂದೂ ಇಲ್ಲದಿದ್ದರೆ ನೆಮ್ಮದಿಯಿಂದ ಒಂದೊಂದೇ ಪ್ರಯೋಗ ಮಾಡಿ. ಎರಡು ವಾರ ಹಾಲು ಮಾತ್ರ ಬಿಡಿ, ಮೊಸರು, ಮಜ್ಜಿಗೆ ಇರಲಿ. ಬದಲಾವಣೆ ಇಲ್ಲದಿದ್ದರೆ ಹಾಲು ವಾಪಸ್ಸು ತಂದು ಈರುಳ್ಳಿ, ಬೆಳ್ಳುಳ್ಳಿ ಬಿಡಿ. ಆಮೇಲೆ ಕಡಲೆ, ರಾಜ್ಮಾ. ಎಲ್ಲ ಒಟ್ಟಿಗೆ ಬಿಟ್ಟರೆ ತಪ್ಪಿತಸ್ಥ ಯಾರು ಅಂತ ಯಾವತ್ತೂ ಗೊತ್ತಾಗುವುದಿಲ್ಲ, ಸುಮ್ನೆ ಎಲ್ಲದಕ್ಕೂ ಹೆದರಿಕೊಂಡು ಬದುಕಬೇಕಾಗುತ್ತದೆ. ಅನ್ನಕ್ಕೆ ಹೆದರಬೇಡಿ, ಗ್ಯಾಸ್ ವಿಷಯದಲ್ಲಿ ಅದರಷ್ಟು ಸಾಧು ಧಾನ್ಯ ಇನ್ನೊಂದಿಲ್ಲ.

ಕಿಟ್ ಮುಗಿಯಿತು ಅಂತ ಮೆಡಿಕಲ್ ಶಾಪಿನಿಂದ ಯೀಸ್ಟ್ ಕೊಲ್ಲುವ ಫ್ಲುಕೋನಜೋಲ್ ಮಾತ್ರೆ ತಂದು ವಾರಗಟ್ಟಲೆ ನುಂಗುವವರನ್ನೂ ನೋಡಿದ್ದೇನೆ. ಅದನ್ನಂತೂ ಮಾಡಬೇಡಿ. ಲಿವರಿಗೆ ಪೆಟ್ಟಾಗಬಹುದು. ರಕ್ತ ತೆಳು ಮಾಡುವ ವಾರ್ಫರಿನ್, ಸಕ್ಕರೆಗೆ ಕೊಡುವ ಗ್ಲಿಮೆಪಿರೈಡ್‌ನಂಥ ಮಾತ್ರೆಗಳ ಜೊತೆ ಸೇರಿದರೆ ಅವುಗಳ ಜೋರು ಹೆಚ್ಚಾಗಿ ಅಪಾಯ. ಕೆಳಗಿನ ತುರಿಕೆ ವರ್ಷಕ್ಕೆ ಮೂರು ನಾಲ್ಕು ಸಲ ಮರುಕಳಿಸಿದರೆ ಸ್ವಂತ ಔಷಧ ಬಿಟ್ಟು ಪರೀಕ್ಷೆ ಮಾಡಿಸಿ. ತುರಿಸುವುದೆಲ್ಲ ಯೀಸ್ಟ್ ಅಲ್ಲ.

ಇನ್ನು ನಿಮ್ಮ ಯಜಮಾನರು. ವಿಚಿತ್ರ ನೋಡಿ, ನಿಮ್ಮ ಮನೆಯಲ್ಲಿ ಈಗ ನಿಜವಾದ ಯೀಸ್ಟ್ ಸೋಂಕು ಇರುವುದು ಬಹುಶಃ ಅವರಿಗೆ. ಅದೂ ಕರುಳಿನಲ್ಲಲ್ಲ. ಡಾಪಾಗ್ಲಿಫ್ಲೋಜಿನ್ ಹೆಚ್ಚುವರಿ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆ. ಒಳ್ಳೆಯ ಮಾತ್ರೆ, ಹೃದಯಕ್ಕೂ ಕಿಡ್ನಿಗೂ ಉಪಕಾರ ಮಾಡುತ್ತದೆ. ಆದರೆ ಸಿಹಿ ಮೂತ್ರದ ಹನಿ ಮುಂದೊಗಲಿನ ಕೆಳಗೆ ಉಳಿದರೆ ಅಲ್ಲಿ ಯೀಸ್ಟ್ ಬೆಳೆಯುತ್ತದೆ. ಮೂತ್ರ ಮಾಡಿದ ಮೇಲೆ ನೀರಿನಲ್ಲಿ ತೊಳೆದು ಒಣಗಿಸಿಕೊಳ್ಳಲಿ. ಡಾಕ್ಟರು ನೋಡಿ ಮುಲಾಮು ಬರೆದುಕೊಡುತ್ತಾರೆ, ಸಾಮಾನ್ಯವಾಗಿ ವಾರ ಎರಡು ವಾರದಲ್ಲಿ ಹೋಗುತ್ತದೆ. ನಾಚಿಕೆಯಿಂದ ಹೇಳಿಕೊಳ್ಳದೆ ಮಾತ್ರೆಯನ್ನೇ ಸ್ವಂತವಾಗಿ ನಿಲ್ಲಿಸುವ ಗಂಡಸರು ಬಹಳ ಜನ, ಅವರು ಹಾಗೆ ಮಾಡುವುದು ಬೇಡ.

ಈ ಕ್ಲೆನ್ಸ್ ಪಥ್ಯ ಮಾತ್ರ ಅವರಿಗೆ ಬೇಡವೇ ಬೇಡ. ಆ ಮಾತ್ರೆ ನುಂಗುತ್ತಾ ಅನ್ನ, ರೊಟ್ಟಿ, ಚಪಾತಿ ಪೂರ್ತಿ ಕಡಿದರೆ ಅಥವಾ ಉಪವಾಸ ಕೂತರೆ ಮೈಯ ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಆಮ್ಲ ರಕ್ತದಲ್ಲಿ ಏರಿಬಿಡಬಹುದು. ಅಪರೂಪ, ಆದರೆ ಜೀವಕ್ಕೆ ಅಪಾಯ. ಇದರ ಮೋಸ ಇರುವುದು ಎಲ್ಲಿ ಅಂದರೆ, ರಕ್ತದ ಸಕ್ಕರೆ ಆಗ ಅಷ್ಟೇನೂ ಏರಿರುವುದಿಲ್ಲ. ಹೊಟ್ಟೆ ತೊಳಸುವುದು, ವಾಂತಿ, ಹೊಟ್ಟೆನೋವು, ಜೋರು ಜೋರಾಗಿ ಉಸಿರಾಡುವುದು ಕಂಡರೆ ‘ಯೀಸ್ಟ್ ಸಾಯುತ್ತಿದೆ’ ಅಂತ ಕಾಯಬೇಡಿ. ಮನೆಯ ಗ್ಲುಕೋಮೀಟರ್ 180 ತೋರಿಸಿದರೂ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತ್ರೆಯ ಸ್ಟ್ರಿಪ್ಪನ್ನು ಡಾಕ್ಟರ ಕೈಗೆ ಕೊಟ್ಟು, ಕೀಟೋನ್ ನೋಡಿ ಅಂತ ನೀವೇ ಬಾಯಿಬಿಟ್ಟು ಹೇಳಿ.